ಮಾಲೀಕರಿಲ್ಲದ ದುಡಿಮೆಗಾರರು ಮತ್ತು ಪಿಂಚಣಿಯ ಇತಿಹಾಸ



ಪ್ರತಿ ವರ್ಷ ಶಾಲೆ ಆರಂಭವಾಗುವಾಗ ದಾಖಲಾತಿ ಅರ್ಜಿಗಳನ್ನು ತುಂಬಿಸುವ ಕೆಲಸ ನಮ್ಮಂಥ ಶಿಕ್ಷಕರ ಪಾಲಿಗೆ ಬರುತ್ತದೆ. ಅರ್ಜಿಯಲ್ಲಿ "ತಂದೆಯ ಉದ್ಯೋಗ" ಎಂಬ ಒಂದು ಕಲಂ ಇದೆ. ನನ್ನ ಎದುರು ಕುಳಿತ ಪಾಲಕರಲ್ಲಿ ಟೈಲರ್ ಇರುತ್ತಾರೆ, ಗ್ಯಾರೇಜಿನವರು ಇರುತ್ತಾರೆ, ಆಟೋ ಓಡಿಸುವವರು, ಹಣ್ಣಿನ ಗಾಡಿಯವರು, ವೆಲ್ಡಿಂಗ್ ಅಂಗಡಿಯವರು, ಗುಜರಿ ವ್ಯಾಪಾರದವರು ಇರುತ್ತಾರೆ. ಏನೆಂದು ಬರೆಯಲಿ ಎಂದು ಕೇಳಿದರೆ ಅನೇಕರ ಉತ್ತರ ಒಂದೇ: "ಸ್ವಂತ ಅಂತ ಬರ್ಕೊಳ್ಳಿ." ತಾಯಿಯ ಉದ್ಯೋಗದ ಕಲಂನಲ್ಲಿ "ಗೃಹಿಣಿ" ಎಂದು ಬರೆಸುವ ತಾಯಂದಿರು ಮನೆಯಲ್ಲಿ ಕುಳಿತು ಬ್ಲೌಸ್ ಹೊಲಿದು ಮಕ್ಕಳ ಫೀಸು ಕಟ್ಟುತ್ತಿರುತ್ತಾರೆ.

"ಸ್ವಂತ" ಎಂಬ ಆ ಪದದಲ್ಲಿ ಒಂದು ಹೆಮ್ಮೆ ಇದೆ. ಆದರೆ ಪಿಂಚಣಿಯ ಇತಿಹಾಸವನ್ನು ಓದಿದರೆ, ಬಹಳ ಕಾಲ ಬಾಗಿಲು ಮುಚ್ಚಿದ್ದು ಅದೇ ಪದಕ್ಕೆ ಎಂದು ತಿಳಿಯುತ್ತದೆ. ಕೇಂದ್ರ ಸರ್ಕಾರದ 2023-24ರ ಸಮೀಕ್ಷೆಯ ಪ್ರಕಾರ ಭಾರತದ ದುಡಿಯುವವರಲ್ಲಿ ಶೇಕಡಾ 58.4ರಷ್ಟು ಜನ ಸ್ವಯಂ ಉದ್ಯೋಗಿಗಳು. ಅಂದರೆ ಇದು ಅಲ್ಪಸಂಖ್ಯೆಯವರ ವಿಷಯವಲ್ಲ, ದೇಶದ ಅರ್ಧಕ್ಕಿಂತ ಹೆಚ್ಚು ದುಡಿಮೆಗಾರರ ಮುಪ್ಪಿನ ವಿಷಯ.

ಉರ್ದು ಕಲಿಯುವ ವಿದ್ಯಾರ್ಥಿಗಳಿಗೆ ಒಂದು ಮಾತು. "ವಜೀಫಾ" ಎಂದರೆ ನಿಮಗೆ ವಿದ್ಯಾರ್ಥಿವೇತನ ನೆನಪಾಗುತ್ತದೆ. ಹೈದರಾಬಾದ್ ಕಡೆಯ ಉರ್ದುವಿನಲ್ಲಿ ಅದೇ ಪದಕ್ಕೆ ಪಿಂಚಣಿ ಎಂಬ ಅರ್ಥವೂ ಇದೆ. ನಿವೃತ್ತರನ್ನು ಅಲ್ಲಿ "ವಜೀಫಾಯಾಬ್" ಎನ್ನುತ್ತಾರೆ. ದರ್ಬಾರಿನ ಚಾಕರಿ ಮಾಡಿದವನಿಗೆ ದರ್ಬಾರು ಕೊಡುವುದು ವಜೀಫಾ. ಬ್ರಿಟಿಷರ ಕಾಲದ ಪೆನ್ಷನ್ನೂ ಹಾಗೆಯೇ ಸಿಪಾಯಿಗೆ, ಗುಮಾಸ್ತನಿಗೆ, ಅಮಲ್ದಾರನಿಗೆ ಮೀಸಲು. ಯಾರ ಬಳಿಯೂ ಚಾಕರಿ ಮಾಡದವನಿಗೆ ಅದು ಏಕೆ ಸಿಗಬೇಕು ಎಂಬ ಪ್ರಶ್ನೆಯನ್ನೇ ಆಗ ಯಾರೂ ಎತ್ತಿರಲಿಲ್ಲ.

ಸಾಮಾನ್ಯ ಕೂಲಿಕಾರನ ಮುಪ್ಪಿಗೆಂದು ಮೊದಲ ದೊಡ್ಡ ಕಾನೂನು ಬಂದದ್ದು 1889ರಲ್ಲಿ, ಬಿಸ್ಮಾರ್ಕ್ ಚಾನ್ಸಲರ್ ಆಗಿದ್ದ ಜರ್ಮನಿಯಲ್ಲಿ. ಕೂಲಿಕಾರ ಅರ್ಧ, ಮಾಲೀಕ ಅರ್ಧ ಕಂತು ಕಟ್ಟಬೇಕು. ಮೇಲೆ ಸರ್ಕಾರ ತನ್ನದೊಂದು ಪಾಲು ಸೇರಿಸುತ್ತದೆ. ಪಿಂಚಣಿಯ ವಯಸ್ಸು 70. (ಅದು 65ಕ್ಕೆ ಇಳಿದದ್ದು 1916ರಲ್ಲಿ.) ಈ ಏರ್ಪಾಡು ಜಗತ್ತಿಗೆ ಮಾದರಿಯಾಯಿತು. ಆದರೆ ಅದರ ಲೆಕ್ಕ ನಿಂತದ್ದು ಮಾಲೀಕನ ಹಾಜರಿ ಪುಸ್ತಕದ ಮೇಲೆ. ಚಮ್ಮಾರ, ದರ್ಜಿ, ಸಂತೆಯ ವ್ಯಾಪಾರಿಗೆ ಮಾಲೀಕ ಯಾರು? ಅರ್ಧ ಕಂತು ಕೊಡುವವರು ಯಾರು? ಜರ್ಮನಿಯಲ್ಲಿ ಸ್ವಂತ ಕಸುಬಿನ ಕುಶಲಕರ್ಮಿಗಳನ್ನು ಪಿಂಚಣಿ ವಿಮೆಯೊಳಗೆ ತರಲು 1938ರವರೆಗೆ ಕಾಯಬೇಕಾಯಿತು.

ಇಂಗ್ಲೆಂಡು ಬೇರೆ ದಾರಿ ಹಿಡಿಯಿತು. 1908ರ ಕಾನೂನಿನ ಪ್ರಕಾರ 70 ತುಂಬಿದ ಬಡವರಿಗೆ ವಾರಕ್ಕೆ ಹೆಚ್ಚೆಂದರೆ 5 ಶಿಲಿಂಗ್. ಯಾರೂ ಕಂತು ಕಟ್ಟಬೇಕಾಗಿರಲಿಲ್ಲ. ಹಣ ತೆರಿಗೆಯಿಂದ ಬರುತ್ತಿತ್ತು. ನಿನ್ನ ಮಾಲೀಕ ಯಾರು ಎಂದು ಆ ಕಾನೂನು ಕೇಳಲಿಲ್ಲ, ನಿನ್ನ ವಯಸ್ಸೆಷ್ಟು, ಆದಾಯವೆಷ್ಟು ಎಂದು ಕೇಳಿತು. ಮುಂದೆ 1946ರ ರಾಷ್ಟ್ರೀಯ ವಿಮಾ ಕಾನೂನು ಸ್ವಯಂ ಉದ್ಯೋಗಿಗಳಿಗೆಂದೇ ಪ್ರತ್ಯೇಕ ವರ್ಗವೊಂದನ್ನು ಮಾಡಿತು. ಅವರಿಗೆ ನಿರುದ್ಯೋಗ ಭತ್ಯೆ ಇರಲಿಲ್ಲ, ಪಿಂಚಣಿ ಇತ್ತು.

ಫ್ರಾನ್ಸಿನ ಕಥೆ ಇನ್ನೂ ಕುತೂಹಲದ್ದು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1945ರಲ್ಲಿ ಅಲ್ಲಿ ಎಲ್ಲರಿಗೂ ಒಂದೇ ಸಾಮಾಜಿಕ ಭದ್ರತೆ ಎಂಬ ಯೋಜನೆ ಬಂದಾಗ ಅದನ್ನು ಒಪ್ಪದವರಲ್ಲಿ ಸ್ವಂತ ಕಸುಬಿನವರೇ ಮುಂದಿದ್ದರು. ಸಂಬಳದವರ ಜೊತೆ ಒಂದೇ ಪಟ್ಟಿಯಲ್ಲಿ ಇರಲು ಅವರಿಗೆ ಇಷ್ಟವಿರಲಿಲ್ಲ, ಕಂತಿನ ಭಾರವೂ ಬೇಡವಾಗಿತ್ತು. ಕೊನೆಗೆ 1948ರಲ್ಲಿ ಕುಶಲಕರ್ಮಿಗಳಿಗೊಂದು, ವ್ಯಾಪಾರಿಗಳಿಗೊಂದು, ವೈದ್ಯ-ವಕೀಲರಂಥವರಿಗೊಂದು ಎಂದು ಬೇರೆ ಬೇರೆ ನಿಧಿಗಳಾದವು. ಗೋಡೆ ಬಿದ್ದು ಕುಶಲಕರ್ಮಿಗಳು, ವ್ಯಾಪಾರಿಗಳು ಸಾಮಾನ್ಯ ವ್ಯವಸ್ಥೆಗೆ ಬಂದದ್ದು 2018ರ ನಂತರ. ಹಾಗಾಗಿ ತಪ್ಪೆಲ್ಲ ಸರ್ಕಾರಗಳದ್ದೇ ಎನ್ನಲಾಗದು. "ನಾನು ಯಾರ ಆಳೂ ಅಲ್ಲ" ಎಂಬ ಅಭಿಮಾನಕ್ಕೂ ಇದರಲ್ಲಿ ಪಾಲಿದೆ. ನಮ್ಮ ಪಾಲಕರ "ಸ್ವಂತ" ಎಂಬ ಉತ್ತರದಲ್ಲಿ ನನಗೆ ಅದೇ ದನಿ ಕೇಳಿಸುತ್ತದೆ.

ಇನ್ನು ನಮ್ಮ ದೇಶ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎರಡು ದೊಡ್ಡ ಕಾನೂನುಗಳು ಬಂದವು. 1948ರಲ್ಲಿ ಇ.ಎಸ್.ಐ., 1952ರಲ್ಲಿ ಭವಿಷ್ಯ ನಿಧಿ, ಅಂದರೆ ಪಿ.ಎಫ್. ಪಿ.ಎಫ್. ಮೊದಲು ಅನ್ವಯವಾದದ್ದು ಆರು ಕೈಗಾರಿಕೆಗಳಿಗೆ: ಸಿಮೆಂಟ್, ಸಿಗರೇಟ್, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ. ಅದರಲ್ಲೂ 50 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ. ಸಿಗರೇಟು ಪಟ್ಟಿಯಲ್ಲಿತ್ತು, ಬೀಡಿ ಇರಲಿಲ್ಲ. ಇದನ್ನು ಗಮನಿಸಬೇಕು, ಏಕೆಂದರೆ ನಮ್ಮ ಕರಾವಳಿಯ ಸಾವಿರಾರು ಮನೆಗಳ ಕಥೆ ಇಲ್ಲಿಂದ ಶುರುವಾಗುತ್ತದೆ.

ಬೀಡಿ ಕಟ್ಟುವ ಹೆಂಗಸು ಎಲೆ, ಹೊಗೆಸೊಪ್ಪು ತಂದು ತನ್ನ ಮನೆಯ ಜಗುಲಿಯಲ್ಲಿ ಕುಳಿತು ದುಡಿಯುತ್ತಾಳೆ. ಕಂಪನಿಗೂ ಅವಳಿಗೂ ನಡುವೆ ಗುತ್ತಿಗೆದಾರ. ಅವಳು ಯಾರ ನೌಕರಳು? ಕಂಪನಿಯವರು "ನಮ್ಮವಳಲ್ಲ" ಎನ್ನುತ್ತಿದ್ದರು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಮಂಗಳೂರು ಗಣೇಶ್ ಬೀಡಿ ಸಂಸ್ಥೆಯೂ ಸೇರಿದಂತೆ ಹಲವರು ಅದನ್ನು ಪ್ರಶ್ನಿಸಿದರು. 1974ರಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲೆ ಸೆಸ್ ಹಾಕಿ ಕಲ್ಯಾಣ ನಿಧಿ ಮಾಡಲಾಯಿತು. 1977ರಲ್ಲಿ ಪಿ.ಎಫ್. ಕಾನೂನು ಬೀಡಿ ಉದ್ಯಮಕ್ಕೂ ಬಂತು. ಮತ್ತೆ ತಕರಾರು, ಮನೆಯಲ್ಲಿ ಕಟ್ಟುವವರು ನೌಕರರೇ ಅಲ್ಲ ಎಂದು. 1985ರಲ್ಲಿ ಪಿ.ಎಂ. ಪಟೇಲ್ ಅಂಡ್ ಸನ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆಯಲ್ಲಿ ಕಟ್ಟಿದರೂ ಅವರು ಪಿ.ಎಫ್.ಗೆ ಅರ್ಹರಾದ ನೌಕರರೇ ಎಂದು ತೀರ್ಪು ಕೊಟ್ಟಿತು. ಕಟ್ಟಿ ತಂದ ಬೀಡಿಯನ್ನು ಪರೀಕ್ಷಿಸಿ ಒಪ್ಪುವ ಅಥವಾ ತಿರಸ್ಕರಿಸುವ ಅಧಿಕಾರ ಮಾಲೀಕನಿಗಿದೆ, ಆ ಅಧಿಕಾರವೇ ಅವನನ್ನು ಮಾಲೀಕನನ್ನಾಗಿ ಮಾಡುತ್ತದೆ ಎಂಬುದು ಅದರ ತಿರುಳು.

ಹೀಗೆ ಬೀಡಿ ಕಟ್ಟುವವಳಿಗೆ ಕೋರ್ಟು ಒಬ್ಬ ಮಾಲೀಕನನ್ನು ಹುಡುಕಿಕೊಟ್ಟಿತು. ಅವಳ ಪಕ್ಕದ ಮನೆಯಲ್ಲಿ ಸ್ವಂತ ಮಿಷನ್ ಇಟ್ಟುಕೊಂಡು ಹೊಲಿಯುವವಳಿಗೆ ಹುಡುಕಿಕೊಡುವುದು ಹೇಗೆ? ಅವಳ ಬಟ್ಟೆಯನ್ನು ಒಪ್ಪುವವರೂ ತಿರಸ್ಕರಿಸುವವರೂ ದಿನಕ್ಕೆ ಹತ್ತು ಗಿರಾಕಿಗಳು.

ಇದೇ ಪ್ರಶ್ನೆ 1972ರಲ್ಲಿ ಅಹಮದಾಬಾದಿನಲ್ಲಿ ಎದ್ದಿತ್ತು. ಇಳಾ ಭಟ್ ಅವರು ಬೀದಿ ವ್ಯಾಪಾರದ, ಕೈಗಾಡಿ ಎಳೆಯುವ, ಮನೆಯಲ್ಲಿ ಹೊಲಿಯುವ ಹೆಂಗಸರನ್ನು ಕೂಡಿಸಿ "ಸೇವಾ" ಎಂಬ ಸಂಘ ಕಟ್ಟಿ ನೋಂದಣಿಗೆ ಹೋದಾಗ, ಮಾಲೀಕರೇ ಇಲ್ಲದವರಿಗೆ ಕಾರ್ಮಿಕ ಸಂಘ ಹೇಗೆ ಎಂದು ಅಧಿಕಾರಿಗಳು ಕೇಳಿದರು. ಸಂಘವಿರುವುದು ದುಡಿಯುವವರ ಒಗ್ಗಟ್ಟಿಗೆ, ಯಾರದೋ ವಿರುದ್ಧ ಮಾತ್ರವಲ್ಲ ಎಂದು ಅವರು ವಾದಿಸಿ ಗೆದ್ದರು. 1974ರಲ್ಲಿ ಸುಮಾರು 4000 ಹೆಂಗಸರು ತಲಾ 10 ರೂಪಾಯಿ ಹಾಕಿ ತಮ್ಮದೇ ಸಹಕಾರಿ ಬ್ಯಾಂಕು ತೆರೆದರು. ಅವರಲ್ಲಿ ಅನೇಕರಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಇಳಾ ಭಟ್ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಆಯೋಗ 1988ರಲ್ಲಿ ಕೊಟ್ಟ "ಶ್ರಮಶಕ್ತಿ" ವರದಿ ಸ್ವಯಂ ಉದ್ಯೋಗಿ ಮಹಿಳೆಯರ ಬದುಕನ್ನು ಸರ್ಕಾರದ ಮೇಜಿನ ಮೇಲೆ ಇಟ್ಟಿತು.

ಸರ್ಕಾರದ ಪ್ರಯತ್ನಗಳು ತಡವಾಗಿ ಬಂದವು. 1995ರಲ್ಲಿ ಕೇಂದ್ರವು ನಿರ್ಗತಿಕ ವೃದ್ಧರಿಗೆ ತಿಂಗಳಿಗೆ 75 ರೂಪಾಯಿ ಕೊಡಲಾರಂಭಿಸಿತು. ಮುಂದೆ ಅದು 200 ಆಯಿತು, ಅರ್ಹತೆಯ ವಯಸ್ಸು 65ರಿಂದ 60ಕ್ಕೆ ಇಳಿಯಿತು. 60ರಿಂದ 79 ವರ್ಷದವರಿಗೆ ಕೇಂದ್ರದ ಪಾಲು 2025ರಲ್ಲಿಯೂ ಅದೇ 200 ರೂಪಾಯಿ!

2004ರಲ್ಲಿ ಅಸಂಘಟಿತ ಕಾರ್ಮಿಕರಿಗೆಂದು 50 ಜಿಲ್ಲೆಗಳಲ್ಲಿ ಒಂದು ಪ್ರಾಯೋಗಿಕ ಯೋಜನೆ ಬಂತು. 18ರಿಂದ 35 ವಯಸ್ಸಿನ ಕಾರ್ಮಿಕ ತಿಂಗಳಿಗೆ 50, ಅವನ ಮಾಲೀಕ 100 ಕಟ್ಟಬೇಕು. ಸ್ವಂತ ದುಡಿಮೆಯವನಾದರೆ? ಎರಡೂ ಪಾಲು, ಅಂದರೆ 150 ರೂಪಾಯಿ, ಅವನೇ ಕಟ್ಟಬೇಕು. ಮಾಲೀಕನಿಲ್ಲದ್ದಕ್ಕೆ ದಂಡ ಹಾಕಿದಂತೆ! ಸೇರಿದವರು ಕೆಲವೇ ಸಾವಿರ. ಯೋಜನೆ ಸದ್ದಿಲ್ಲದೆ ನಿಂತಿತು.

ಅದೇ ವರ್ಷ ನೇಮಕವಾದ ಅರ್ಜುನ್ ಸೇನ್‌ಗುಪ್ತಾ ಆಯೋಗದ 2006ರ ವರದಿಯನ್ನು ನಾನು ಈ ಇಡೀ ಇತಿಹಾಸದ ತಿರುವು ಎಂದು ಭಾವಿಸುತ್ತೇನೆ, ಆ ತಿರುವಿನಲ್ಲಿ ನಾವು ತಿರುಗಲಿಲ್ಲವಾದರೂ. ಕಾರ್ಮಿಕನಿಂದ ದಿನಕ್ಕೆ 1 ರೂಪಾಯಿ, ಮಾಲೀಕನಿಂದ 1 ರೂಪಾಯಿ, ಸರ್ಕಾರದಿಂದ 1 ರೂಪಾಯಿ: ಇದು ಆಯೋಗದ ಸೂತ್ರ. ಅದರಿಂದ ಆರೋಗ್ಯ ವಿಮೆ, ಜೀವ ವಿಮೆ ಮತ್ತು ಮುಪ್ಪಿನ ಭದ್ರತೆ. ಮಾಲೀಕ ಯಾರೆಂದು ಗುರುತಿಸಲಾಗದ ಕಡೆ ಮಾಲೀಕನ ಆ 1 ರೂಪಾಯಿಯನ್ನೂ ಕೇಂದ್ರ ಮತ್ತು ರಾಜ್ಯ ಸರ್ಕಾರಗಳೇ ಹಂಚಿಕೊಂಡು ಕೊಡಬೇಕು. 1889ರಿಂದ ಕಾಡುತ್ತಿದ್ದ ಪ್ರಶ್ನೆಗೆ ಇಷ್ಟು ಸರಳವಾದ ಉತ್ತರ! ಇದು ಹಕ್ಕಾಗಿ ಕಾನೂನಿನಲ್ಲಿ ಇರಬೇಕೆಂದು ಆಯೋಗ ಹೇಳಿತ್ತು. 2008ರ ಕೊನೆಗೆ ಬಂದ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾನೂನಿನಲ್ಲಿ ಮಂಡಳಿಗಳಿದ್ದವು, ನೋಂದಣಿ ಇತ್ತು, ಹಳೆಯ ಯೋಜನೆಗಳ ಪಟ್ಟಿ ಇತ್ತು. ಆ 3 ರೂಪಾಯಿಯ ಖಾತರಿ ಇರಲಿಲ್ಲ.

ಬಳಿಕ ಬಂದವೆಲ್ಲ ಸ್ವಇಚ್ಛೆಯ ಉಳಿತಾಯ ಯೋಜನೆಗಳು. 2010ರ ಸ್ವಾವಲಂಬನದಲ್ಲಿ ವರ್ಷಕ್ಕೆ ಕನಿಷ್ಠ 1000 ರೂಪಾಯಿ ಉಳಿಸಿದವರಿಗೆ ಸರ್ಕಾರ 1000 ಸೇರಿಸುತ್ತಿತ್ತು. 2015ರಲ್ಲಿ ಅದರ ಜಾಗಕ್ಕೆ ಅಟಲ್ ಪಿಂಚಣಿ ಬಂತು: 18ರಿಂದ 40 ವಯಸ್ಸಿನೊಳಗೆ ಸೇರಿದರೆ 60ರ ನಂತರ ತಿಂಗಳಿಗೆ 1000ದಿಂದ 5000 ರೂಪಾಯಿ. 2025ರ ವೇಳೆಗೆ ಇದಕ್ಕೆ 8 ಕೋಟಿ ಜನ ಸೇರಿದ್ದರು, ಹೆಚ್ಚಿನವರು ಆರಿಸಿಕೊಂಡದ್ದು 1000ದ ಹಂತವನ್ನೇ. 2019ರಲ್ಲಿ ಶ್ರಮಯೋಗಿ ಮಾನ್‌ಧನ್, ಅದರ ಬೆನ್ನಿಗೆ ಸಣ್ಣ ವ್ಯಾಪಾರಿಗಳ ಮಾನ್‌ಧನ್ ಬಂದವು. 18ರಲ್ಲಿ ಸೇರಿದವರು ತಿಂಗಳಿಗೆ 55, 40ರಲ್ಲಿ ಸೇರಿದವರು 200 ಕಟ್ಟಬೇಕು, ಅಷ್ಟೇ ಮೊತ್ತ ಸರ್ಕಾರ ಹಾಕುತ್ತದೆ, 60 ದಾಟಿದ ಮೇಲೆ 3000. ಸುಮಾರು 3 ಕೋಟಿ ವ್ಯಾಪಾರಿಗಳಿಗೆ ಪ್ರಯೋಜನವಾಗಲಿದೆ ಎಂದು ಘೋಷಿಸಿದ್ದ ಯೋಜನೆಗೆ ನಾಲ್ಕು ವರ್ಷ ಕಳೆದರೂ ಸೇರಿದವರು ಅರ್ಧ ಲಕ್ಷದ ಆಸುಪಾಸು.

ವಿದ್ಯಾರ್ಥಿಗಳೇ, ಒಂದು ಲೆಕ್ಕ ಮಾಡಿ ನೋಡಿ. ಬೆಲೆಗಳು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಈಗ 18 ವರ್ಷದವನಿಗೆ 42 ವರ್ಷದ ನಂತರ ಸಿಗುವ 3000 ರೂಪಾಯಿಯ ಬೆಲೆ ಇಂದಿನ ಲೆಕ್ಕದಲ್ಲಿ ಎಷ್ಟು? 400ಕ್ಕಿಂತ ಕಡಿಮೆ ಬರುತ್ತದೆ. ಚಕ್ರಬಡ್ಡಿಯ ಪಾಠದಲ್ಲಿ ನಾನು ಈ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ್ದೇನೆ. ಹಿಂದಿನ ಬೆಂಚಿನವರೂ ಎದ್ದು ನೋಡಿದರು. ನಾನೂ ಇದರ ಹೊರಗಿನವನಲ್ಲ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸರ್ಕಾರಿ ಸೇವೆಗೆ ಸೇರಿದವರದ್ದು ಹೊಸ ಪಿಂಚಣಿ. ಎಷ್ಟು ಬರುತ್ತದೆಂದು ಮೊದಲೇ ಹೇಳಲಾಗದು. ಆದರೂ ನನ್ನ ಖಾತೆಗೆ ಪ್ರತಿ ತಿಂಗಳು ಇನ್ನೊಬ್ಬರ ಪಾಲು ಬೀಳುತ್ತದೆ. ಹಣ್ಣಿನ ಗಾಡಿಯವರಿಗೆ ಅಷ್ಟೂ ಇಲ್ಲ.

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಸ್ವಯಂ ಉದ್ಯೋಗಿಯ ಹೆಸರು ಅದರಲ್ಲಿದೆ. ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕಂಪನಿಗಳು ತಮ್ಮ ವಾರ್ಷಿಕ ವಹಿವಾಟಿನ ಶೇಕಡಾ 1ರಿಂದ 2ರಷ್ಟು ಕೊಡಬೇಕೆಂದೂ ಇದೆ. ಗಿಗ್ ಕಾರ್ಮಿಕರಿಗೆಂದು ಕರ್ನಾಟಕವೂ 2025ರಲ್ಲಿ ತನ್ನದೇ ಕಾನೂನು ಮಾಡಿತು. ಆಟೋ ಚಾಲಕರು, ಗ್ಯಾರೇಜಿನವರು ಮುಂತಾದವರ ನಿಧಿಗೆಂದು ರಾಜ್ಯದಲ್ಲಿ ಹೊಸ ಬೈಕಿಗೆ 500, ಕಾರಿಗೆ 1000 ರೂಪಾಯಿ ಸೆಸ್ ಬಂತು. ಬೀಡಿಯ 1976ರ ಉಪಾಯವೇ ಇದು: ಮಾಲೀಕ ಸಿಗದಿದ್ದರೆ ಸರಕಿನ ಮೇಲೆ ಸೆಸ್ ಹಾಕು. ಆಟೋಗೆ ವಾಹನ ಸಿಕ್ಕಿತು, ಡೆಲಿವರಿ ಹುಡುಗನಿಗೆ ಕಂಪನಿ ಸಿಕ್ಕಿತು. ಟೈಲರಿಗೆ ಮತ್ತೆ ಏನೂ ಸಿಗಲಿಲ್ಲ. 2021ರಲ್ಲಿ ಶುರುವಾದ ಇ-ಶ್ರಮ್ ನೋಂದಣಿ 30 ಕೋಟಿ ದಾಟಿದೆ. ಕಾರ್ಡು ಕೈಯಲ್ಲಿದೆ, ಕಾರ್ಡಿನ ಹಿಂದೆ ಪಿಂಚಣಿಯ ಕಂತು ಕಟ್ಟುವವರಿಲ್ಲ.

ಕಳೆದ ಬಾರಿ ಅರ್ಜಿ ತುಂಬಿಸುವಾಗ ಒಬ್ಬ ಟೈಲರ್ ಭಾಯಿ ಇದನ್ನೇ ಕೇಳಿದರು, "ಮಾಸ್ಟರ್ ಸಾಬ್, ನನಗೆ ಯಾವುದು ಬರುತ್ತದೆ?" ಅವರ ವಯಸ್ಸು 43. ಅಟಲ್ ಪಿಂಚಣಿಗೆ 40 ದಾಟಿದೆ, ಮಾನ್‌ಧನ್‌ಗೂ ದಾಟಿದೆ. 2009ರಿಂದ ಎಲ್ಲ ನಾಗರಿಕರಿಗೂ ತೆರೆದಿರುವ ಎನ್.ಪಿ.ಎಸ್. ಇದೆ, ಆದರೆ ಅದರಲ್ಲಿ ಪೂರ್ತಿ ಹಣ ಅವರದ್ದೇ. ಉಳಿದದ್ದು ರಾಜ್ಯದ ಸಂಧ್ಯಾ ಸುರಕ್ಷಾ. 2007ರಲ್ಲಿ ಶುರುವಾದ ಈ ಯೋಜನೆ ಕೇಳುವುದು ವಯಸ್ಸು, ಆದಾಯ ಮತ್ತು ಕಸುಬನ್ನು, ಮಾಲೀಕನನ್ನಲ್ಲ. 2021ರಲ್ಲಿ ಅದರ ಮೊತ್ತ ತಿಂಗಳಿಗೆ 1200 ಆಯಿತು. ವಯಸ್ಸು 65 ತುಂಬಿರಬೇಕು ಎಂದೆ.

ಅವರು ಬೆರಳು ಮಡಚಿ ಎಣಿಸಿ, "ಇನ್ನೂ 22 ವರ್ಷ. ಈಗಲೇ ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯುತ್ತೇನೆ" ಎಂದರು. ನಂತರ ಮಗಳ ಅರ್ಜಿಯನ್ನು ಮುಂದಕ್ಕೆ ಎಳೆದುಕೊಂಡು, ಸಹಿ ಎಲ್ಲಿ ಹಾಕಬೇಕೆಂದು ಕೇಳಿದರು.