ಕಟ್ಟೆಯ ಲೆಕ್ಕ, ಒಳಮನೆಯ ಲೆಕ್ಕ

ನಮ್ಮೂರಲ್ಲಿ ಪಂಚಾಯ್ತಿ ಎಲೆಕ್ಷನ್ ಬಂತು ಅಂದ್ರೆ ಎರಡು ಲೆಕ್ಕ ನಡೀತಿತ್ತು. ಒಂದು ಅರಳಿಕಟ್ಟೆ ಮೇಲೆ, ಎಲ್ಲರ ಕಿವಿಗೂ ಬೀಳುವಂತೆ: ಈ ಸಲ ಯಾರು ಗೆಲ್ತಾರೆ? ಇನ್ನೊಂದು ರಾತ್ರಿ, ಎಲೆಕ್ಷನ್‌ಗೆ ನಿಂತವರ ಮನೆಯೊಳಗೆ. ಮತದಾರರ ಪಟ್ಟಿ ಹರಡಿಕೊಂಡು ಹೆಸರುಗಳ ಪಕ್ಕ ಪೆನ್ಸಿಲ್ ಗುರುತು ಹಾಕೋರು: ನಮ್ಮವರು, ಅವರ ಕಡೆಯವರು, ಹೇಳೋಕಾಗಲ್ಲ. ಮರುದಿನ ಬೆಳಿಗ್ಗೆ ಮೊದಲ ಭೇಟಿ ಆ ‘ಹೇಳೋಕಾಗಲ್ಲ’ ಮನೆಗಳಿಗೆ.

ಅಮೆರಿಕದಲ್ಲಿ ಜಾರ್ಜ್ ಗ್ಯಾಲಪ್ 1930ರ ದಶಕದಲ್ಲಿ ಶುರುಮಾಡಿದ್ದು ಕಟ್ಟೆಯ ಲೆಕ್ಕವನ್ನೇ, ವೈಜ್ಞಾನಿಕವಾಗಿ. ಅದು ಪತ್ರಿಕೆಯಲ್ಲಿ ಬರುತ್ತಿತ್ತು. ತಪ್ಪಿದರೆ ಊರೆಲ್ಲ ನಗುತ್ತಿತ್ತು. 1948ರಲ್ಲಿ ಡ್ಯೂಯಿ ಗೆಲ್ತಾರೆ ಅಂದು, ಟ್ರೂಮನ್ ಗೆದ್ದಾಗ ಆದದ್ದು ಅದೇ.

ಒಳಮನೆಯ ಲೆಕ್ಕಕ್ಕೆ 1960ರ ಜಾನ್ ಕೆನಡಿ ಒಳ್ಳೆಯ ಉದಾಹರಣೆ. ತಮಗಾಗಿಯೇ ಸಮೀಕ್ಷೆ ಮಾಡಲು ಅವರು ಲೂಯಿಸ್ ಹ್ಯಾರಿಸ್ ಅವರನ್ನು ಇಟ್ಟುಕೊಂಡಿದ್ದರು. ಪಕ್ಷದೊಳಗಿನ ಸ್ಪರ್ಧೆಯಲ್ಲಿ, ವೆಸ್ಟ್ ವರ್ಜೀನಿಯಾದಲ್ಲಿ ಹ್ಯೂಬರ್ಟ್ ಹಂಫ್ರಿಗಿಂತ ಕೆನಡಿ 70–30 ಮುಂದಿದ್ದಾರೆ ಅಂತ ಹ್ಯಾರಿಸ್ ಮೊದಲು ಹೇಳಿದ್ದರು. ಮತದಾನಕ್ಕೆ ಕೆಲವೇ ವಾರ ಇದ್ದಾಗ ಅದು 40–60ಕ್ಕೆ ತಿರುಗಿತು. ಯಾಕೆ? ಕೆನಡಿ ಕ್ಯಾಥೊಲಿಕ್ ಅನ್ನೋದು ಅಷ್ಟರಲ್ಲಿ ಜನಕ್ಕೆ ಗೊತ್ತಾಗಿತ್ತು. ಅಲ್ಲಿ ಕ್ಯಾಥೊಲಿಕರು ನೂರಕ್ಕೆ ಸುಮಾರು 5 ಜನ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಸೈಟ್ ಬಿದ್ದಿದೆ ಅನ್ನೋದನ್ನ ಅಲರ್ಟ್ ಹೇಳುತ್ತೆ. ಯಾಕೆ ಬಿತ್ತು ಅಂತ ತಿಳಿಯೋಕೆ ಲಾಗ್ ನೋಡಬೇಕು. ಖಾಸಗಿ ಸಮೀಕ್ಷೆ ಆ ಲಾಗ್ ಇದ್ದಹಾಗೆ. ಅದು ಭವಿಷ್ಯ ಹೇಳೋಕಲ್ಲ, ಭವಿಷ್ಯ ಬದಲಿಸೋಕೆ. ಧರ್ಮದ ಮಾತು ಎತ್ತಬೇಡಿ ಅಂತ ಸಲಹೆಗಾರರಲ್ಲಿ ಹಲವರು ಅಂದರೂ ಕೆನಡಿ ಎತ್ತಿದರು: ನೌಕಾಪಡೆ ಸೇರುವಾಗ ನನ್ನ ಧರ್ಮ ಯಾರೂ ಕೇಳಲಿಲ್ಲವಲ್ಲ ಅಂದರು. ದುಡ್ಡು, ಸಂಘಟನೆ ಕೂಡ ಜೊತೆಗಿದ್ದವು. ಮೇ 10ರಂದು ಸುಮಾರು 61% ಮತ ಪಡೆದು ಗೆದ್ದರು.

ಇಲ್ಲಿ ಚೆನ್ನಾಗೇ ಆಯ್ತು ಬಿಡಿ. ಜನರ ಅಂಜಿಕೆ ಎಲ್ಲಿದೆ ಅಂತ ತಿಳಿದು ಕೆನಡಿ ಅದಕ್ಕೆ ಎದುರು ನಿಂತು ಮಾತಾಡಿದರು. ಆದರೆ ಅದೇ ಅಂಕಿ ಇಟ್ಟುಕೊಂಡು ಅದೇ ಅಂಜಿಕೆಗೆ ಇನ್ನಷ್ಟು ಗಾಳಿ ಹಾಕಲೂಬಹುದು. ಪತ್ರಿಕೆಯ ಸಮೀಕ್ಷೆಯನ್ನಾದರೆ ನಾವೂ ಓದಿ ಜಗಳ ಆಡಬಹುದು. ಒಳಮನೆಯದು ನಮ್ಮ ಬಗ್ಗೆಯೇ ಇದ್ದರೂ ನಮಗೆ ಕಾಣಲ್ಲ. ಹೊರಗೆ ಬಂದರೂ, ಬಿಟ್ಟವರಿಗೆ ಬೇಕಾದ ಅಂಕಿಯಷ್ಟೇ ಬರುತ್ತೆ.

ಬೆಳಿಗ್ಗೆ ಬಾಗಿಲಿಗೆ ಬಂದು ‘ಅಜ್ಜಿ, ಕಾಲುನೋವು ಹೇಗಿದೆ?’ ಅಂತ ಕೇಳಿದವರು ಅಕ್ಕರೆಯಿಂದ ಬಂದರೋ, ಪೆನ್ಸಿಲ್ ಗುರುತು ನೋಡಿ ಬಂದರೋ, ನಮ್ಮಜ್ಜಿಗೆ ಕೊನೆಗೂ ಗೊತ್ತಾಗಲಿಲ್ಲ.