ಡಯಾಲಿಸಿಸ್, ಬೊಬ್ಬೆ ಮತ್ತು ಒಂದು ಹಸಿರು ಗೆರೆ

ಮೂತ್ರಪಿಂಡಗಳು ಕೆಲಸ ನಿಲ್ಲಿಸಿದವರು ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಸುಮಾರು ನಾಲ್ಕು ಗಂಟೆ ಮಲಗಬೇಕಾಗುತ್ತದೆ. ರಕ್ತ ಹೊರಬಂದು, ಶುದ್ಧಿಯಾಗಿ, ಮರಳಿ ದೇಹ ಸೇರುತ್ತದೆ. ಇವರಲ್ಲಿ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ವಿಪರೀತ ತುರಿಕೆಯೊಡನೆ ಮೈಮೇಲೆ ಬಿಗಿಯಾದ ನೀರುಬೊಬ್ಬೆಗಳು ಏಳುವುದುಂಟು. 'ಬುಲ್ಲಸ್ ಪೆಂಫಿಗಾಯ್ಡ್' ಎಂಬ ಈ ರೋಗದಲ್ಲಿ ರಕ್ತದಲ್ಲಿರುವ ಪ್ರತಿಕಾಯಗಳೇ ಸ್ವಂತ ಚರ್ಮದ ಮೇಲೆ ದಾಳಿ ಮಾಡುತ್ತವೆ. ಹಾಗಾದರೆ ರಕ್ತವನ್ನು ಇಷ್ಟೊಂದು ಬಾರಿ ಶುದ್ಧಿ ಮಾಡುವ ಯಂತ್ರ ಆ ಪ್ರತಿಕಾಯಗಳನ್ನು ಏಕೆ ತೆಗೆದುಹಾಕುವುದಿಲ್ಲ? ಚುರುಕಾದ ವಿದ್ಯಾರ್ಥಿಯೊಬ್ಬ ಕೇಳಬಹುದಾದ ಈ ಪ್ರಶ್ನೆಗೆ ಉತ್ತರ 1861ರಲ್ಲೇ ಇತ್ತು.

ಅನಿಲಗಳ ವಿಸರಣ ನಿಯಮದಿಂದ ನಮಗೆಲ್ಲ ಪರಿಚಿತನಾದ ಥಾಮಸ್ ಗ್ರಹಾಂ ಆ ವರ್ಷ ದ್ರವಗಳ ವಿಸರಣವನ್ನು ಕುರಿತ ತನ್ನ ಪ್ರಯೋಗಗಳನ್ನು ಪ್ರಕಟಿಸಿದ. ಸಕ್ಕರೆ ಮತ್ತು ಗೋಂದು ಬೆರೆಸಿದ ದ್ರಾವಣವನ್ನು ಗಂಜಿ ಹಾಕಿದ ಕಾಗದದ ಮೇಲೆ ಇಟ್ಟು, ಆ ಕಾಗದವನ್ನು ನೀರಿಗೆ ತಾಗುವಂತೆ ಮಾಡಿದಾಗ ಸಕ್ಕರೆ ಕೆಳಗಿನ ನೀರಿಗೆ ಇಳಿಯಿತು, ಗೋಂದು ಮೇಲೆಯೇ ಉಳಿಯಿತು. ಪೊರೆ ದಾಟುವವನ್ನು ಸ್ಫಟಿಕಾಭಗಳು ಎಂದೂ ದಾಟದವನ್ನು ಕಲಿಲಗಳು ಎಂದೂ ಅವನು ಕರೆದ. ಹೀಗೆ ಬೇರ್ಪಡಿಸುವ ಕ್ರಿಯೆಗೆ 'ಡಯಾಲಿಸಿಸ್' ಎಂಬ ಹೆಸರನ್ನೂ ಕೊಟ್ಟ. ಮೂತ್ರದಲ್ಲಿರುವ ಯೂರಿಯಾ ಪೊರೆ ದಾಟಿ ಬರುತ್ತದೆ ಎಂಬುದನ್ನೂ ತೋರಿಸಿದ. ಆದರೆ ಅವನಿಗೆ ಇದು ಶುದ್ಧ ರಸಾಯನ ವಿಜ್ಞಾನ. ರೋಗಿಯ ವಿಚಾರ ಅಲ್ಲಿ ಇರಲಿಲ್ಲ.

ರೋಗಿಯವರೆಗೆ ಬರಲು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. 1913ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಏಬೆಲ್ ಮತ್ತು ಸಂಗಡಿಗರು ಪ್ರಾಣಿಯ ರಕ್ತವನ್ನು ಕೊಲೋಡಿಯನ್ ಕೊಳವೆಗಳಲ್ಲಿ ಹರಿಸಿದರು. ರಕ್ತ ಹೆಪ್ಪುಗಟ್ಟದಿರಲು ಜಿಗಣೆಯಿಂದ ತೆಗೆದ ಹಿರುಡಿನ್ ಬಳಸಿದರು. 1924ರಲ್ಲಿ ಜರ್ಮನಿಯ ಹಾಸ್ ಮನುಷ್ಯನ ಮೇಲೆ ಪ್ರಯತ್ನಿಸಿದ. ಯುದ್ಧಕಾಲದ ನೆದರ್ಲೆಂಡ್ಸ್‌ನಲ್ಲಿ, 1943ರಲ್ಲಿ, ವಿಲೆಮ್ ಕಾಲ್ಫ್ ಮಾಂಸದ ಸಾಸೇಜ್ ತುಂಬಲು ಬಳಸುತ್ತಿದ್ದ ಸೆಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡ ಕಟ್ಟಿದ. ಮೊದಲ ರೋಗಿಗಳು ಬಹುಪಾಲು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬಳು ಬದುಕಿದಳು. ಆದರೂ ಪ್ರತಿ ಬಾರಿ ಹೊಸ ರಕ್ತನಾಳವನ್ನು ಕೊಯ್ಯಬೇಕಾಗಿದ್ದುದರಿಂದ ಕೆಲವು ಸಲಕ್ಕಿಂತ ಹೆಚ್ಚು ಡಯಾಲಿಸಿಸ್ ಸಾಧ್ಯವಿರಲಿಲ್ಲ. 1960ರಲ್ಲಿ ಸಿಯಾಟಲ್‌ನ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲೇ ಉಳಿಸುವ ಉಪಾಯ ಕಂಡುಹಿಡಿದ. 1966ರಲ್ಲಿ ಅಪಧಮನಿಯನ್ನು ಅಭಿಧಮನಿಗೆ ನೇರವಾಗಿ ಜೋಡಿಸುವ 'ಫಿಸ್ಟುಲಾ' ಬಂತು. ದಿನಗಳ ಲೆಕ್ಕದಲ್ಲಿ ಬದುಕುತ್ತಿದ್ದವರು ವರ್ಷಗಟ್ಟಲೆ ಬದುಕತೊಡಗಿದರು, ಮುಪ್ಪನ್ನೂ ಕಂಡರು. ಪೆಂಫಿಗಾಯ್ಡ್ ಮುಖ್ಯವಾಗಿ ಎಪ್ಪತ್ತು ದಾಟಿದವರ ಕಾಯಿಲೆ. ಡಯಾಲಿಸಿಸ್ ರೋಗಿಗಳಲ್ಲಿ ಅದು ಕಾಣಿಸಿಕೊಳ್ಳಲು ಈ ದೀರ್ಘಾಯುಷ್ಯವೂ ಒಂದು ಕಾರಣ ಎಂದು ನನ್ನ ಎಣಿಕೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಯೂರಿಯಾದ ಅಣುತೂಕ 60, ಕ್ರಿಯಾಟಿನಿನ್‌ನದು 113. ಇವು ಪೊರೆಯನ್ನು ಸುಲಭವಾಗಿ ದಾಟುತ್ತವೆ. ರಕ್ತದ ಅಲ್ಬುಮಿನ್ ಪ್ರೋಟೀನಿನದು ಸುಮಾರು 66,000. ಅದು ಸೋರಿಹೋದರೆ ರೋಗಿಗೆ ಅಪಾಯ, ಆದ್ದರಿಂದ ಅದನ್ನು ತಡೆಯುವಂತೆಯೇ ಪೊರೆಯ ರಂಧ್ರಗಳನ್ನು ರೂಪಿಸಿರುತ್ತಾರೆ. ಪೆಂಫಿಗಾಯ್ಡ್ ತರುವ ಐಜಿಜಿ ಪ್ರತಿಕಾಯದ ಅಣುತೂಕ ಸುಮಾರು 1,50,000! ಅಲ್ಬುಮಿನ್ನನ್ನೇ ಬಿಡದ ಪೊರೆ ಅದಕ್ಕೆ ದಾರಿ ಕೊಡುವುದಾದರೂ ಹೇಗೆ? ಗ್ರಹಾಂನ ಭಾಷೆಯಲ್ಲಿ ಅದು ಕಲಿಲ.

ಇನ್ನು ಬೊಬ್ಬೆಯ ಕಥೆ. 1953ರವರೆಗೆ ದೊಡ್ಡ ಬೊಬ್ಬೆಗಳ ರೋಗಗಳನ್ನೆಲ್ಲ 'ಪೆಂಫಿಗಸ್' ಎಂಬ ಒಂದೇ ಹೆಸರಿನಡಿ ಸೇರಿಸುವುದು ಸಾಮಾನ್ಯವಾಗಿತ್ತು. ಬಾಸ್ಟನ್‌ನ ವಾಲ್ಟರ್ ಲಿವರ್ ಚರ್ಮದ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಡಿ ನೋಡಿ ಎರಡು ಬಗೆಗಳನ್ನು ಬೇರ್ಪಡಿಸಿದ. ಪೆಂಫಿಗಸ್‌ನಲ್ಲಿ ಹೊರಚರ್ಮದ ಕೋಶಗಳೇ ಪರಸ್ಪರ ಬಿಟ್ಟುಕೊಳ್ಳುತ್ತವೆ. ಪೆಂಫಿಗಾಯ್ಡ್‌ನಲ್ಲಿ ಹೊರಚರ್ಮವಿಡೀ ಒಳಚರ್ಮದಿಂದ ಕಳಚಿ ಮೇಲೇಳುತ್ತದೆ. ಸ್ಟೀರಾಯ್ಡ್ ಬರುವ ಮುನ್ನ ಮೊದಲನೆಯದು ಬಹುತೇಕ ಮಾರಕವಾಗಿದ್ದುದರಿಂದ ಈ ವ್ಯತ್ಯಾಸ ಬರಿಯ ಹೆಸರಿನದಾಗಿರಲಿಲ್ಲ.

ಕಾರಣ ತಿಳಿದದ್ದು ಬೆಳಕಿನಿಂದ. 1852ರಲ್ಲಿ ಸ್ಟೋಕ್ಸ್ ಪ್ರತಿದೀಪ್ತಿಯನ್ನು ವಿವರಿಸಿದ್ದ: ವಸ್ತುವೊಂದು ಕಡಿಮೆ ತರಂಗದೂರದ ಬೆಳಕನ್ನು ಹೀರಿ ಹೆಚ್ಚು ತರಂಗದೂರದ ಬೆಳಕನ್ನು ಹೊರಸೂಸುತ್ತದೆ. 1940ರ ದಶಕದ ಆರಂಭದಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಇಂಥ ಬಣ್ಣವನ್ನು ಪ್ರತಿಕಾಯಕ್ಕೇ ಅಂಟಿಸಿದ. ಫ್ಲೋರೆಸೀನ್ ಸುಮಾರು 490 ನ್ಯಾನೋಮೀಟರಿನ ನೀಲಿಯನ್ನು ಹೀರಿ 520ರ ಹಸಿರನ್ನು ಕೊಡುತ್ತದೆ. ಶೋಧಕ ಗಾಜಿನಿಂದ ನೀಲಿಯನ್ನು ತಡೆದರೆ ಕಪ್ಪು ಹಿನ್ನೆಲೆಯಲ್ಲಿ ಪ್ರತಿಕಾಯ ಇರುವ ಜಾಗ ಮಾತ್ರ ಹೊಳೆಯುತ್ತದೆ. ಬಫೆಲೋ ನಗರದಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ 1964ರಲ್ಲಿ ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಚರ್ಮಕ್ಕಂಟುವ ಪ್ರತಿಕಾಯಗಳನ್ನು ಹೀಗೆ ಪತ್ತೆಮಾಡಿದರು. 1967ರಲ್ಲಿ ಪೆಂಫಿಗಾಯ್ಡ್‌ನ ಸರದಿ. ಹೊರಚರ್ಮ ಮತ್ತು ಒಳಚರ್ಮಗಳ ನಡುವಿನ ತಳಪೊರೆಯ ಉದ್ದಕ್ಕೂ, ಪೆನ್ಸಿಲಿನಿಂದ ಎಳೆದಂತೆ, ಒಂದು ಹಸಿರು ಗೆರೆ!

ಆ ಪ್ರಬಂಧದ ಲೇಖಕರಲ್ಲಿ ಲಿವರ್ ಇದ್ದ. ಅರ್ನೆಸ್ಟ್ ವಿಟೆಬ್ಸ್ಕಿಯೂ ಇದ್ದ. ದೇಹ ತನ್ನ ಮೇಲೆಯೇ ವಿಷ ಕಾರುವುದಿಲ್ಲ ಎಂಬುದು ಎರ್ಲಿಖ್ 20ನೆಯ ಶತಮಾನದ ಆರಂಭದಲ್ಲಿ ಮಂಡಿಸಿದ ವಿಚಾರ. ಎರ್ಲಿಖ್‌ನ ಶಿಷ್ಯ ಸಾಕ್ಸ್, ಸಾಕ್ಸ್‌ನ ಶಿಷ್ಯ ವಿಟೆಬ್ಸ್ಕಿ. ನಾಜಿಗಳ ಕಾಟದಿಂದ ಜರ್ಮನಿ ಬಿಟ್ಟು ಬಂದ ಈ ಮೊಮ್ಮಗ-ಶಿಷ್ಯನ ಪ್ರಯೋಗಾಲಯದಲ್ಲೇ 1956ರಲ್ಲಿ ನೋಯೆಲ್ ರೋಸ್ ಮೊಲಗಳ ಥೈರಾಯ್ಡ್ ಮೇಲೆ ಮಾಡಿದ ಪ್ರಯೋಗಗಳು ಅಜ್ಜ-ಗುರುವಿನ ಮಾತು ಪೂರ್ತಿ ನಿಜವಲ್ಲ ಎಂದು ತೋರಿಸಿದವು. ವಿಜ್ಞಾನದ ಗುರುಪರಂಪರೆಯಲ್ಲಿ ಇಂಥದ್ದು ನನಗೆ ಬಹಳ ಇಷ್ಟ.

ಡಯಾಲಿಸಿಸ್ ಕೊಠಡಿಯಲ್ಲಿ ಹಸಿರು ಗೆರೆಯ ಬೆಲೆ ಇನ್ನೂ ಹೆಚ್ಚು. 1975ರಲ್ಲಿ ಗಿಲ್‌ಕ್ರಿಸ್ಟ್ ಮತ್ತು ಸಂಗಡಿಗರು ಈ ರೋಗಿಗಳಲ್ಲಿ ಬೇರೊಂದು ಬೊಬ್ಬೆರೋಗವನ್ನು ವರ್ಣಿಸಿದರು. ಅದು ಬಿಸಿಲು ಬೀಳುವ ಕಡೆ, ಮುಖ್ಯವಾಗಿ ಮುಂಗೈ ಹಿಂಭಾಗದಲ್ಲಿ ಬರುತ್ತದೆ, ಸ್ವಯಂಪ್ರತಿರಕ್ಷೆಯ ರೋಗವಲ್ಲ. ಅದಕ್ಕೆ ಬಿಸಿಲಿನಿಂದ ಮರೆಯೇ ಮುಖ್ಯ ಉಪಚಾರ. ಪೆಂಫಿಗಾಯ್ಡ್‌ಗೆ ಬೇಕಾದದ್ದು ಸ್ಟೀರಾಯ್ಡ್. ಮಧುಮೇಹ, ಸೋಂಕಿನ ಭಯ, ದುರ್ಬಲ ಮೂಳೆ ಎಲ್ಲವೂ ಇರುವ ರೋಗಿಗೆ ತಪ್ಪಾಗಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರೆ ಬೊಬ್ಬೆಗಿಂತ ಮದ್ದೇ ಹೆಚ್ಚು ಹಾನಿ ಮಾಡೀತು.

ದೊಡ್ಡ ರಂಧ್ರದ ಪೊರೆಯಿಂದ ಪ್ಲಾಸ್ಮಾವನ್ನೇ ಬೇರ್ಪಡಿಸಿ ಪ್ರತಿಕಾಯಗಳನ್ನು ತೆಗೆಯಬಾರದೆ? ಅದನ್ನೂ ಮಾಡಿ ನೋಡಿದ್ದಾರೆ. 1984ರ ಫ್ರೆಂಚ್ ಅಧ್ಯಯನ ಆಸೆ ಹುಟ್ಟಿಸಿತು. 1993ರ ಇನ್ನೊಂದು ಫ್ರೆಂಚ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಜೊತೆಗೆ ಇದನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಐಜಿಜಿಯ ಅರ್ಧದಷ್ಟು ರಕ್ತನಾಳಗಳ ಹೊರಗೆ, ಅಂಗಾಂಶಗಳಲ್ಲೇ ಇರುತ್ತದೆ. ಜೊತೆಗೆ ಹೊಸದು ತಯಾರಾಗುತ್ತಲೇ ಇರುತ್ತದೆ. ಊಟೆ ಹರಿಯುತ್ತಿರುವಾಗ ಬಾವಿಯ ನೀರೆತ್ತಿದ ಹಾಗೆ. 2002ರಲ್ಲಿ 341 ರೋಗಿಗಳ ಅಧ್ಯಯನವೊಂದು, ರೋಗ ಮೈತುಂಬ ಹರಡಿದ್ದಾಗಲೂ ಕ್ಲೊಬೆಟಸಾಲ್ ಮುಲಾಮು ಸ್ಟೀರಾಯ್ಡ್ ಮಾತ್ರೆಗಿಂತ ಮೇಲು ಎಂದು ತೋರಿಸಿತು.

ಡಯಾಲಿಸಿಸ್ ರೋಗಿಗಳಲ್ಲಿ ಕೆಲವೊಮ್ಮೆ ಮೊದಲ ಬೊಬ್ಬೆ ಫಿಸ್ಟುಲಾದ ಸುತ್ತಲೇ ಏಳುತ್ತದೆ. ಸೂಜಿ ಚುಚ್ಚಿ ನೊಂದ ತಳಪೊರೆಯ ಪ್ರೋಟೀನುಗಳು ಪ್ರತಿರಕ್ಷಾ ವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ ಎಂಬುದು ಒಂದು ವಾದ. ಔಷಧಗಳ ಪಾತ್ರವೂ ಇದೆ. ಮಧುಮೇಹದ ಗ್ಲಿಪ್ಟಿನ್ ಮಾತ್ರೆಗಳಿಗೂ ಪೆಂಫಿಗಾಯ್ಡ್‌ಗೂ ಇರುವ ನಂಟು 2010ರ ದಶಕದಲ್ಲಿ ಸ್ಪಷ್ಟವಾಯಿತು. ಅವುಗಳಲ್ಲೊಂದಾದ ಲಿನಾಗ್ಲಿಪ್ಟಿನ್ ಹೆಚ್ಚಾಗಿ ಪಿತ್ತದ ಮೂಲಕ ಹೊರಹೋಗುವುದರಿಂದ ಮೂತ್ರಪಿಂಡ ಕೆಟ್ಟವರಿಗೆ ಅನುಕೂಲವೆಂದೇ ಅದನ್ನು ಆರಿಸುವುದುಂಟು. ಹೀಗಾಗಿ ಇಂಥ ರೋಗಿಯಲ್ಲಿ ಬೊಬ್ಬೆ ಕಂಡಾಗ ಚರ್ಮದ ಚೂರನ್ನು ಪ್ರತಿದೀಪ್ತಿ ಪರೀಕ್ಷೆಗೆ ಕಳಿಸುವುದರ ಜೊತೆಗೆ, ಆತ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ವೈದ್ಯರು ಕೇಳಿ ನೋಡುತ್ತಾರೆ.