ಗುಪ್ತಗಾಮಿನಿಯ ಜಾಡು

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತಾಳೆ. ಮೂರನೆಯದಾದ ಸ್ಫಟಿಕ ಸರೋವರವು ಗುಪ್ತಗಾಮಿನಿ ಎಂಬ ನಂಬಿಕೆಯಿಂದ ಅದು ತ್ರಿವೇಣಿ ಸಂಗಮವೆನಿಸಿದೆ. ಕಣ್ಣಿಗೆ ಕಾಣದ ನೀರು ನೆಲದಡಿಯಲ್ಲಿ ಹರಿಯುವುದನ್ನು ವಿಜ್ಞಾನವೂ ಬಲ್ಲದು. ಆದರೆ ಅದರ ಜಾಡು ಹಿಡಿಯುವುದೆಂತು?

ನೀರಿಗೊಂದು ಗುರುತು ಬೇಕು. 1960ರ ದಶಕದಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನ ವಿಜ್ಞಾನಿಗಳು ಟ್ರಿಟಿಯಂ ಬೆರೆತ ನೀರನ್ನು ಮಣ್ಣಿಗೆ ಸೇರಿಸಿ ಅದರ ಚಲನೆಯನ್ನು ಹಿಂಬಾಲಿಸಿದರು. ಹೊಸ ಮಳೆಯು ಹಳೆಯ ತೇವವನ್ನು ಪದರಪದರವಾಗಿ ಕೆಳಕ್ಕೆ ತಳ್ಳುತ್ತದೆಂಬುದು ಆಗ ಸ್ಪಷ್ಟವಾಯಿತು.

ನಮ್ಮ ಕಪಿಲೆಯ ಜಲಾನಯನದಲ್ಲಿ ಈ ಕೆಲಸ ಮಾಡಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್ ದೇಶದ ಸಂಶೋಧಕರು. ಬಂಡೀಪುರದ ಮೂಲೆಹೊಳೆ ಕಾಡಿನಲ್ಲಿ 2003ರಿಂದ 2006ರವರೆಗೆ ಅವರು ಅನುಸರಿಸಿದ ಗುರುತುಗಳಲ್ಲಿ ಮುಖ್ಯವಾದುದು ಮಳೆಯೇ ಹೊತ್ತು ತರುವ ಕ್ಲೋರೈಡ್. ಮರಗಳು ನೀರನ್ನು ಹೀರಿ ಈ ಉಪ್ಪನ್ನು ಬಹುಮಟ್ಟಿಗೆ ಮಣ್ಣಿನಲ್ಲೇ ಬಿಡುತ್ತವೆ. ಬೇರಿನ ಕೆಳಗಿನ ನೀರು ಮಳೆನೀರಿಗಿಂತ ಇಪ್ಪತ್ತು ಪಟ್ಟು ಉಪ್ಪಾಗಿದ್ದರೆ, ಮಳೆಯ ಇಪ್ಪತ್ತನೆಯ ಒಂದು ಪಾಲು ಮಾತ್ರ ಕೆಳಗಿಳಿದಿದೆ ಎಂದರ್ಥ. ನಾನು ತರಗತಿಯಲ್ಲಿ ಹೇಳಿಕೊಟ್ಟ ವಿಲೋಮ ಅನುಪಾತವೇ ಇದು! ಇತರ ಅಳತೆಗಳನ್ನೂ ಸೇರಿಸಿ ನೋಡಿದಾಗ, ವರ್ಷಕ್ಕೆ ಸುಮಾರು 1,050 ಮಿಲಿಮೀಟರ್ ನೀರು ಮರಗಳಿಂದಲೂ ನೆಲದಿಂದಲೂ ಆವಿಯಾಗುತ್ತಿತ್ತು. ಮಳೆಯಿಂದ ನೇರವಾಗಿ ಅಂತರ್ಜಲಕ್ಕೆ ಸೇರುತ್ತಿದ್ದುದು 45 ಮಿಲಿಮೀಟರ್ ಮಾತ್ರ.

ಕಾಡು ದಾಟಿ ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯ ಹೊಲಗಳಿಗೆ ಬಂದರೆ ಕಥೆ ಬೇರೆ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್ನೂರಕ್ಕೂ ಹೆಚ್ಚು ಕೊಳವೆಬಾವಿಗಳನ್ನು ಪರೀಕ್ಷಿಸಿದಾಗ ನೈಟ್ರೇಟ್ ಲೀಟರಿಗೆ 1ರಿಂದ 360 ಮಿಲಿಗ್ರಾಂವರೆಗೆ ಇತ್ತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 45. 2020ರ ಮತ್ತೊಂದು ಅಧ್ಯಯನವು ಕ್ಲೋರೈಡಿನ ಜಾಡನ್ನೇ ಹಿಡಿದು ಪೊಟ್ಯಾಷ್ ಗೊಬ್ಬರದ ಬಳಿಗೆ ಬಂದಿತು. ಆ ಗೊಬ್ಬರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕ್ಲೋರೈಡ್ ಇರುತ್ತದೆ. ಬೆಳೆಗೆ ಬೇಕಾದುದು ಪೊಟ್ಯಾಸಿಯಂ. ಕ್ಲೋರೈಡಿನ ಬಹುಪಾಲು ಮಣ್ಣಿನಲ್ಲಿ ಉಳಿದು ನೀರಿನೊಡನೆ ಇಳಿಯುತ್ತದೆ. ಅದೇ ನೀರನ್ನು ಮೇಲೆತ್ತಿ ಮತ್ತೆ ಹಾಯಿಸುತ್ತೇವೆ, ಅದು ಆವಿಯಾಗುತ್ತದೆ. ಉಪ್ಪು ಸುತ್ತಿಗೊಮ್ಮೆ ಹೆಚ್ಚುತ್ತದೆ. ಕಾಡಿನಲ್ಲಿ ಅಳತೆಗೋಲಾಗಿದ್ದ ವಸ್ತುವೇ ಹೊಲದಲ್ಲಿ ರೋಗವಾಯಿತು.

ಬೇರಂಬಾಡಿಯ ಹಳ್ಳವು ಗುಂಡ್ಲು ಹೊಳೆಯ ಜಲಾನಯನಕ್ಕೆ ಸೇರಿದ್ದು. ಆ ಹೊಳೆ ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುತ್ತದೆ. ಹೊಳೆ ಹರಿದರೆ ಉಪ್ಪು ಕೊಚ್ಚಿಹೋದೀತು. ಅಂತರ್ಜಲ ಕುಸಿದು ಹೊಳೆ ಬತ್ತಿದರೆ ಉಪ್ಪು ಅಲ್ಲಿಯೇ ನಿಲ್ಲುತ್ತದೆ.

ನನ್ನ ಶಿಷ್ಯರಲ್ಲಿ ವ್ಯವಸಾಯ ಹಿಡಿದವರು ಅನೇಕರಿದ್ದೀರಿ. ಗೊಬ್ಬರದ ಚೀಲ ಬಿಚ್ಚುವ ಮುನ್ನ ಮಣ್ಣನ್ನೂ ಬಾವಿಯ ನೀರನ್ನೂ ಒಮ್ಮೆ ಪರೀಕ್ಷೆ ಮಾಡಿಸಿರಿ. ನಾವು ನೆಲಕ್ಕೆ ಕೊಟ್ಟುದನ್ನು ಗುಪ್ತಗಾಮಿನಿ ಮರೆಯುವುದಿಲ್ಲ.